ಹತ್ತಾ ಗಡಿಯಲ್ಲಿ ತುಂಡಾದ ಅರಿಶಿನದ ಹಾಡು

ಹೊಳನಗದ್ದೆ: ಹೊರಡುವ ಮುಂಚೆ

ನಾನು ಮೂವತ್ತೊಂದು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ಮೊದಲು ಭಟ್ಕಳ, ಆಮೇಲೆ ಹೊನ್ನಾವರ, ಕೊನೆಗೆ ಕುಮಟಾ. ಟ್ರಂಕ್ ಕಾಲ್ ಇದ್ದ ಕಾಲದಲ್ಲಿ ಬೊಂಬಾಯಿಗೆ, ದುಬೈಗೆ, ಕುವೈತಿಗೆ ಲೈನ್ ಕೊಡಿಸಿದ ಕೈ ಇದು. ಅಂಥವಳು ಅರವತ್ಮೂರನೆಯ ವಯಸ್ಸಿನಲ್ಲಿ ಪರದೇಶಕ್ಕೆ ಹೋಗಿ ಒಂದು ಫೋನು ಮಾಡಲಾಗದೆ ಪೇಚಾಡಿದೆ ಎಂದು ಬರೆಯಬೇಕಾಗಿ ಬಂದಿದೆ. ಬರೆಯದಿದ್ದರೂ ನಡೆಯುತ್ತಿತ್ತು. ಆದರೆ ಹೊಳನಗದ್ದೆಯಲ್ಲಿ ಒಬ್ಬೊಬ್ಬರೂ ತಮಗೆ ತೋಚಿದ ಹಾಗೆ ಈ ಕಥೆ ಹೇಳುತ್ತಿದ್ದಾರೆ, ಅದರಲ್ಲಿ ನನ್ನ ತಪ್ಪು ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದೆ. ಇದ್ದಷ್ಟನ್ನು ನಾನೇ ಹೇಳಿಬಿಡುವುದು ಒಳ್ಳೆಯದು.

ಹೋದದ್ದು ಬೀರಮ್ಮನ ದೆಸೆಯಿಂದ. ಬೀರಮ್ಮ ನಮ್ಮ ಹಿತ್ತಿಲಿನ ಆಚೆ ಮನೆಯವಳು, ವಯಸ್ಸು ಎಪ್ಪತ್ತರ ಹತ್ತಿರ. ಮಳೆಗಾಲದಲ್ಲಿ ಗದ್ದೆ, ಆಮೇಲೆ ಬದನೆ, ಹರಿವೆ, ಈರುಳ್ಳಿ. ಬೆಳಿಗ್ಗೆ ಬುಟ್ಟಿ ಹೊತ್ತು ಕುಮಟೆ ಪೇಟೆಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುವ ಹೆಂಗಸು. ಓದು ಬರಹ ಬಾರದು. ತಲೆಯಲ್ಲಿ ಎಷ್ಟು ಹಾಡಿದೆ ಎಂದು ಅವಳಿಗೂ ಗೊತ್ತಿಲ್ಲ. ನಾಟಿಗೊಂದು, ಕೊಯ್ಲಿಗೊಂದು, ಮದುವೆಗಂತೂ ಹೆಜ್ಜೆ ಹೆಜ್ಜೆಗೂ ಒಂದು. ಅವರ ಹಾಡಿನ ಪದ್ಧತಿ ಹೀಗೆ: ಒಬ್ಬಳು ಒಂದು ಸೊಲ್ಲು ಹೇಳುತ್ತಾಳೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ತಿರುಗಿ ಹೇಳುವುದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ನಲವತ್ತು ವರ್ಷದಿಂದ ಹೇಳುವವಳು ಬೀರಮ್ಮ, ಹಿಡಿಯುವವರ ಮುಂದಾಳು ಪಕ್ಕದ ಮನೆಯ ತುಳಸಿ.

ಯಾರೋ ಮೊಬೈಲಿನಲ್ಲಿ ತೆಗೆದ ಅವಳ ಹಾಡು ಕೊಲ್ಲಿ ದೇಶದ ಕನ್ನಡ ಸಂಘದವರ ಕಣ್ಣಿಗೆ ಬಿತ್ತು. ದುಬೈಯಲ್ಲಿ ಒಂದು ಕಾರ್ಯಕ್ರಮ, ಅಲ್ಲಿಂದ ಕಾರಿನಲ್ಲಿ ಗಡಿ ದಾಟಿ ಒಮಾನಿನ ಮಸ್ಕತ್ತಿಗೆ, ಅಲ್ಲೊಂದು ಕಾರ್ಯಕ್ರಮ, ಮಸ್ಕತ್ತಿನಿಂದಲೇ ವಿಮಾನ ಹತ್ತಿ ಊರಿಗೆ. ಜೊತೆಗೆ ಒಬ್ಬರು ಬರಬಹುದು ಎಂದರು. ಬೀರಮ್ಮ ನನ್ನ ಹತ್ತಿರ ಬಂದಳು.

"ಅಕ್ಕೋರೆ, ನೀವು ಬಂದ್ರೆ ನಾ ಹೋಗ್ತೆ. ನಿಮಗೆ ಫೋನಿಂದು ಎಲ್ಲಾ ಗೊತ್ತದೆ. ದಿನಾ ಮನೆಗೆ ಒಂದು ಮಾತು ಆಡಿಸಿಕೊಟ್ರೆ ಸಾಕು."

ಇಷ್ಟೇ ತಾನೆ ಎಂದು ಒಪ್ಪಿಕೊಂಡೆ. ಅವಳು ದಿನಾ ಮಾತಾಡಬೇಕಾಗಿದ್ದದ್ದು ನಾಗವೇಣಿಯ ಹತ್ತಿರ. ನಾಗವೇಣಿ ಅವಳ ತಮ್ಮನ ಮಗಳು. ತೊಟ್ಟಿಲಲ್ಲಿದ್ದಾಗಲೇ ತಾಯಿ ಸತ್ತ ಕೂಸನ್ನು ತನ್ನ ಮಕ್ಕಳ ಜೊತೆ ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳು ಬೀರಮ್ಮ. ಹುಡುಗಿಗೆ ಗೇರುಸೊಪ್ಪೆಯ ಕಡೆ ಮದುವೆ ಗೊತ್ತಾಗಿತ್ತು, ನಾವು ತಿರುಗಿ ಬಂದು ಮೂರು ವಾರಕ್ಕೆ. ಅರಿಶಿನದ ಹಾಡು ಅತ್ತೆಯೇ ಹೇಳಬೇಕು ಎಂದು ನಾಗವೇಣಿ ಮೊದಲೇ ಮಾತು ತೆಗೆದುಕೊಂಡಿದ್ದಳು. ಅವರಲ್ಲಿ ಮದುವೆಯ ಹಿಂದಿನ ದಿನ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಅರಿಶಿನ ಹಚ್ಚುತ್ತಾರೆ. ಹಾಡು ಶುರುವಾದಾಗ ಕೂತವಳು ಹಾಡು ಮುಗಿದ ಮೇಲೆಯೇ ಏಳಬೇಕು. ನಡುವೆ ಎದ್ದರೆ ಕೊಟ್ಟ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ ಎಂದು ನಂಬಿಕೆ. ಹಾಗೆ ನಡುವೆ ಎದ್ದು ಗಂಡನ ಮನೆಯಿಂದ ವರ್ಷದೊಳಗೆ ವಾಪಸು ಬಂದವಳ ಕಥೆಯೊಂದನ್ನು ಬೀರಮ್ಮ ಆಗಾಗ ಹೇಳುತ್ತಾಳೆ.

ದುಬೈ: ಊರ ನಡುವಿನ ಹೊಳೆ

ವಿಮಾನ ಇಳಿದ ಕೂಡಲೇ ನನ್ನ ಮೊದಲ ಪರೀಕ್ಷೆ. ನಮ್ಮೂರ ಸಿಮ್ಮು ಅಲ್ಲಿ ಸತ್ತ ಮೀನು. ನಿಲ್ದಾಣದಲ್ಲಿ ವೈಫೈ ಪುಕ್ಕಟೆ ಎಂದು ಬರೆದಿತ್ತು. ಒತ್ತಿದೆ. ನಿಮ್ಮ ಫೋನಿಗೆ ಒಂದು ಒಟಿಪಿ ಕಳಿಸಿದ್ದೇವೆ, ಅದನ್ನು ಹಾಕಿ ಎಂದಿತು. ಒಟಿಪಿ ಬರಬೇಕಾದರೆ ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಇದ್ದಿದ್ದರೆ ವೈಫೈ ಯಾರಿಗೆ ಬೇಕಿತ್ತು? ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಮ್ಮ ಹಿರಿಯರು ಈ ವೈಫೈಯನ್ನು ನೋಡಿಯೇ ಮಾಡಿರಬೇಕು. ಬೀರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಹತ್ತೂದಿಲ್ವಾ ಅಕ್ಕೋರೆ?" ಎಂದು ಮೆಲ್ಲಗೆ ಕೇಳಿದಳು. ಸ್ವಲ್ಪ ತಡೆ ಎಂದೆ. ಎಕ್ಸ್‌ಚೇಂಜಿನಲ್ಲಿ ನಾನು ಎಷ್ಟೋ ಜನರಿಗೆ ಹೇಳುತ್ತಿದ್ದ ಮಾತು ಅದು.

ನಮ್ಮನ್ನು ಕರೆದೊಯ್ಯಲು ಬಂದವನು ಅಲೀಂ. ಭಟ್ಕಳದವನು, ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ, ಸಂಘದವರಿಗೆ ಬೇಕಾದವನು. ನನ್ನ ಚೀಲ ಎತ್ತಿಕೊಳ್ಳುತ್ತ, "ಆಂಟಿ, ನಿಮ್ಮ ಮುಖ ನೋಡಿದ ನೆನಪಿಲ್ಲ, ಧ್ವನಿ ಮಾತ್ರ ಸರಿಯಾಗಿ ಗೊತ್ತದೆ" ಎಂದ. ನಾನು ಮುಟ್ಟಳ್ಳಿಯಲ್ಲಿ ಕೋಣೆ ಹಿಡಿದುಕೊಂಡು ಭಟ್ಕಳ ಎಕ್ಸ್‌ಚೇಂಜಿಗೆ ಹೋಗುತ್ತಿದ್ದ ಕಾಲದಲ್ಲಿ ಅವನ ತಾಯಿ ಪ್ರತಿ ಶುಕ್ರವಾರ ಬರುತ್ತಿದ್ದಳು, ದುಬೈಯಲ್ಲಿದ್ದ ಗಂಡನ ಹತ್ತಿರ ಮಾತಾಡಲು. ಸೊಂಟದ ಮೇಲೆ ಇವನು. ಅವಳು ಮೀನಿನ ವಿಷಯ, ಮಾವನ ಕೆಮ್ಮಿನ ವಿಷಯ ಮುಗಿಸಿ ನಿಜವಾದ ಮಾತಿಗೆ ಬರುವಷ್ಟರಲ್ಲಿ ನಾನು ನಡುವೆ ಬಾಯಿ ಹಾಕಿ, ಮೂರು ನಿಮಿಷ ಆಯಿತು ಎನ್ನುತ್ತಿದ್ದೆ.

"ಮೂರು ನಿಮಿಷ ಆಂಟಿ ಅಂದ್ರೆ ನನಗೆ ಭಾರಿ ಸಿಟ್ಟಿತ್ತು," ಎಂದು ನಕ್ಕ. ನಾನೂ ನಕ್ಕೆ. ಆದರೆ ಮನುಷ್ಯರ ಮಾತನ್ನು ಗಡಿಯಾರ ಹಿಡಿದು ಅಳೆಯುವ ಆ ಅಭ್ಯಾಸ ನನ್ನಲ್ಲಿ ಇನ್ನೂ ಹಾಗೇ ಇತ್ತು, ಅದು ಮುಂದೆ ಗೊತ್ತಾಯಿತು.

ಆ ದೇಶದಲ್ಲಿ ಒಂದು ವಿಚಿತ್ರ. ವಾಟ್ಸಾಪಿನಲ್ಲಿ ಬರೆದದ್ದು ಹೋಗುತ್ತದೆ, ಮಾತನ್ನು ರೆಕಾರ್ಡು ಮಾಡಿ ಕಳಿಸಿದರೂ ಹೋಗುತ್ತದೆ, ನೇರ ಮಾತಾಡುತ್ತೇನೆ ಎಂದರೆ ಮಾತ್ರ ಆಗುವುದಿಲ್ಲ. ಅಲ್ಲಿಯ ಕಾಯಿದೆ ಹಾಗೆ. ಹಾಗಾಗಿ ದಿನಾ ಸಂಜೆ ಅಲೀಂ ತನ್ನ ಫೋನಿನಿಂದ ಸಾದಾ ಕಾಲ್ ಮಾಡಿ ಕೊಡುತ್ತಿದ್ದ. ಬೀರಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಆಕಳು ಹಾಲು ಕೊಟ್ಟಿತಾ, ಈರುಳ್ಳಿ ಸಸಿಗೆ ನೀರು ಬಿಟ್ರಾ, ನಾಗವೇಣಿ ಉಂಡಿತಾ ಎಂದು ಕೇಳಿ, "ಆತು, ಇಡು" ಎಂದು ಮುಗಿಸಿಬಿಡುತ್ತಿದ್ದಳು. ಮೂರು ನಿಮಿಷ ಎಂದೂ ಆಗುತ್ತಿರಲಿಲ್ಲ.

ದುಬೈ ಊರಿನ ನಡುವೆ ಸಮುದ್ರದ ನೀರು ಒಳಗೆ ಬಂದು ಹೊಳೆಯ ಹಾಗೆ ನಿಂತಿದೆ. ಜನ ಮರದ ದೋಣಿಯಲ್ಲಿ ಈ ದಡದಿಂದ ಆ ದಡಕ್ಕೆ ಹೋಗುತ್ತಾರೆ. ಹೊನ್ನಾವರದಲ್ಲಿ ಸೇತುವೆ ಆಗುವ ಮುಂಚೆ ಶರಾವತಿ ದಾಟುತ್ತಿದ್ದ ಹಾಗೆಯೇ. ಒಂದೇ ವ್ಯತ್ಯಾಸ, ಇಲ್ಲಿ ದೋಣಿಯಲ್ಲಿ ಕೂತವರು ಯಾರೂ ಪಕ್ಕದವರನ್ನು ಯಾವ ಊರು, ಯಾರ ಪೈಕಿ ಎಂದು ಕೇಳುವುದಿಲ್ಲ. ಬೀರಮ್ಮ ಕೇಳಿದಳು. ಪಕ್ಕದಲ್ಲಿ ಕೂತಿದ್ದ ಪಠಾಣನಿಗೆ ಅವಳ ಕನ್ನಡ ತಿಳಿಯದಿದ್ದರೂ ಎದೆಯ ಮೇಲೆ ಕೈಯಿಟ್ಟು ಉತ್ತರವಾಗಿ ಏನೋ ಹೇಳಿದ.

"ಈ ನೀರು ಹೋಗಿ ನಮ್ಮ ಸಮುದ್ರಕ್ಕೇ ಸೇರೂದಾ?" ಎಂದು ಅವಳು ಅಲೀಮನನ್ನು ಕೇಳಿದಳು. ಹೌದು ಎಂದ. ಅವಳು ಸೊಂಟದ ಚೀಲದಿಂದ ತನ್ನ ಬಟನ್ ಫೋನು ತೆಗೆದು ಸಮುದ್ರದ ಕಡೆಗೆ ಹಿಡಿದು ನೋಡಿದಳು. "ನೀರು ಒಂದೇ ಅಂದ್ಮೇಲೆ ಇದು ಎಂತಕ್ಕೆ ಹತ್ತೂದಿಲ್ಲ?" ಇಲಾಖೆಯ ಯಾವ ತರಬೇತಿಯಲ್ಲೂ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ.

ಕಾರ್ಯಕ್ರಮ ಚೆನ್ನಾಗಿಯೇ ಆಯಿತು, ಒಂದು ಕಡೆ ಬಿಟ್ಟು. ಸೊಲ್ಲು ಹಿಡಿಯಲು ಸಂಘದ ನಾಲ್ಕು ಹೆಂಗಸರನ್ನು ತಯಾರು ಮಾಡಿದ್ದರು, ಒಳ್ಳೆಯ ರೇಷ್ಮೆ ಸೀರೆ ಉಟ್ಟಿದ್ದರು. ಹಾಡಿನ ನಡುವೆ ಬೀರಮ್ಮನಿಗೆ ಗಂಟಲು ಕಟ್ಟಿತು. ಅವಳು ಕೆಮ್ಮಿ, ಲೋಟ ಎತ್ತಿ ನೀರು ಕುಡಿದಳು. ಆ ನಾಲ್ವರೂ ಸುಮ್ಮನಾದರು. ಹಾಡು ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು. ಬೀರಮ್ಮ ಹೇಗೋ ಮತ್ತೆ ಎತ್ತಿಕೊಂಡು ಮುಗಿಸಿದಳು, ಆದರೆ ವೇದಿಕೆ ಇಳಿದ ಮೇಲೆ ಬಿಡಲಿಲ್ಲ.

"ಸೊಲ್ಲು ಬಿಡೂದಾ? ಹೇಳುವವಳು ಕೆಮ್ಮಲಿ, ನೀರು ಕುಡೀಲಿ, ಎದ್ದು ಹೋಗಿ ಮಗೂಗೆ ಹಾಲು ಕೊಟ್ಟು ಬರ್ಲಿ. ಮುಂದಿನ ಸೊಲ್ಲು ಬರೂ ತನಕ ಹಿಂದಿನ ಸೊಲ್ಲು ತಿರುಗ್ತಾ ಇರ್ಬೇಕು. ಅದು ನೆಲಕ್ಕೆ ಬೀಳೂಕಾಗದು."

ಅವರು ನಕ್ಕು, ಆಯಿತಮ್ಮ ಎಂದು ತಲೆಯಾಡಿಸಿ, ಅವಳ ಜೊತೆ ಫೋಟೋ ತೆಗೆಸಿಕೊಂಡರು. ಪರವೂರಿಗೆ ಬಂದು ಇಷ್ಟು ಬೈಯಬಾರದಿತ್ತು ಎಂದು ನನಗೆ ಅನ್ನಿಸಿತು.

ದುಬೈ: ಬುಧವಾರ ಬಂದ ಸುದ್ದಿ

ನಾಗವೇಣಿಯ ಅಣ್ಣ ಮಂಜು ನನ್ನ ವಾಟ್ಸಾಪಿಗೆ ಮಾತು ರೆಕಾರ್ಡು ಮಾಡಿ ಕಳಿಸಿದ್ದ. ಗೇರುಸೊಪ್ಪೆಯಲ್ಲಿ ಹುಡುಗನ ಅಜ್ಜ ಹಾಸಿಗೆ ಹಿಡಿದಿದ್ದಾರೆ, ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಜ್ಜ ಹೋದರೆ ಆ ಮನೆಯಲ್ಲಿ ಒಂದು ವರ್ಷ ಮದುವೆ ಮಾಡುವ ಹಾಗಿಲ್ಲ. ಅಜ್ಜನಿಗೂ ಮದುವೆ ಕಣ್ಣಲ್ಲಿ ನೋಡಿಯೇ ಹೋಗಬೇಕೆಂದು ಹಟ. ಹಾಗಾಗಿ ಈ ಭಾನುವಾರವೇ ಮದುವೆ, ಶನಿವಾರ ನಾಲ್ಕು ಗಂಟೆಗೆ ಅರಿಶಿನ.

ಶನಿವಾರ ನಾವು ಮಸ್ಕತ್ತಿಗೆ ಹೊರಡುವ ದಿನ. ಸಂಘದವರು ಟಿಕೆಟ್ ಬದಲಿಸಲು ನೋಡಿದರು. ಯಾವ ವಿಮಾನದಲ್ಲೂ ಅದಕ್ಕಿಂತ ಮುಂಚೆ ಜಾಗ ಇರಲಿಲ್ಲ. ಬೀರಮ್ಮ ಕಿಟಕಿಯ ಹತ್ತಿರ ನೆಲದ ಮೇಲೆ ಕೂತು ಸೆರಗಿನ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಇದ್ದಳು. ನನಗೆ ನೋಡಲಾಗಲಿಲ್ಲ.

"ಬೀರಮ್ಮ, ಹಾಡನ್ನು ಪೂರ್ತಿ ರೆಕಾರ್ಡು ಮಾಡಿ ಕಳಿಸುವಾ," ಎಂದೆ. "ಅಲ್ಲಿ ಸ್ಪೀಕರಿನಲ್ಲಿ ಹಾಕ್ತಾರೆ. ನೀನೇ ಹಾಡಿದ ಹಾಗೆ ಕೇಳ್ತದೆ."

"ಡಬ್ಬಿ ಹಾಡಿದ್ರೆ ತುಳಸಿ ಯಾರದ್ದು ಹಿಡೀತದೆ ಅಕ್ಕೋರೆ? ನಾ ಹೇಳ್ಬೇಕು, ಅದು ಹಿಡೀಬೇಕು, ಅದು ಹಿಡಿದದ್ದು ನಂಗೆ ಕೇಳ್ಬೇಕು. ಆಗ ಅಲ್ವಾ ಮುಂದಿಂದು ಬಾಯಿಗೆ ಬರೂದು."

"ಹಾಗಾದರೆ ತುಳಸಿಯೇ ಹೇಳಲಿ."

"ಅದಕ್ಕೆ ಹಿಡಿಯೂಕೆ ಗೊತ್ತು. ಹೇಳೂಕೆ ಬರೂದಿಲ್ಲ."

ಅಲೀಂ ಒಂದು ದಾರಿ ಹೇಳಿದ. ಗಡಿಗೆ ಮುಂಚೆ ಹತ್ತಾ ಎಂಬ ಊರಿದೆ, ಅಲ್ಲಿ ನೆಟ್‌ವರ್ಕ್ ಚೆನ್ನಾಗಿದೆ. ಊರಿನ ನಾಲ್ಕು ಗಂಟೆ ಎಂದರೆ ಇಲ್ಲಿಯ ಎರಡೂವರೆ. ಆ ಹೊತ್ತಿಗೆ ಅಲ್ಲಿ ಕಾರು ನಿಲ್ಲಿಸಿ, ಸಾದಾ ಕಾಲ್ ಮಾಡಿ, ಹಾಡು ಮುಗಿಸಿ ಗಡಿ ದಾಟುವುದು. ಗಡಿ ದಾಟಿದ ಮೇಲೆ ತನ್ನ ಸಿಮ್ಮಿಗೆ ಒಮಾನಿನಲ್ಲೂ ನಡೆಯುವ ಪ್ಯಾಕು ಹಾಕಿಸಿದ್ದೇನೆ, ಹೆದರಿಕೆ ಬೇಡ ಎಂದ. ಬೀರಮ್ಮ ಸುದ್ದಿ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಹತ್ತಾ: ಮರದ ನೆರಳು

ಹತ್ತಾ ಗುಡ್ಡಗಳ ನಡುವಿನ ಊರು. ಗುಡ್ಡ ಎಂದರೆ ನಮ್ಮ ಗುಡ್ಡವಲ್ಲ. ಗೇರುಸೊಪ್ಪೆಯ ಘಟ್ಟದಿಂದ ಮರ, ಬಳ್ಳಿ, ಮಣ್ಣು ಎಲ್ಲ ತೆಗೆದು ಬರೀ ಕಲ್ಲು ಬಿಟ್ಟರೆ ಹೇಗೋ ಹಾಗೆ. ಬೀರಮ್ಮ ಕಾರಿನಿಂದ ಇಳಿದು ಸುತ್ತ ನೋಡಿದಳು.

"ಇಲ್ಲಿ ಎಂತ ಬೆಳೀತಾರೆ?"

"ಖರ್ಜೂರ ಬಿಟ್ರೆ ಹೆಚ್ಚು ಏನಿಲ್ಲಮ್ಮ," ಎಂದ ಅಲೀಂ.

"ನಾಟಿ ಇಲ್ಲ, ಕೊಯ್ಲಿಲ್ಲ. ಹಾಗಾರೆ ಎಂತ ಹಾಡ್ತಾರೆ?"

ರಸ್ತೆ ಬದಿಯ ಮರದ ಕೆಳಗೆ ಕೂತು ಎರಡೂವರೆಗೆ ಕಾಲ್ ಮಾಡಿದೆವು. ಮಂಜು ಎತ್ತಿ, ಕೆಳಗಿನ ಕೇರಿಯ ಹೆಂಗಸರು ಇನ್ನೂ ಬಂದಿಲ್ಲ ಎಂದ. ಮೂರಕ್ಕೆ ಮಾಡಿದಾಗ ಹುಡುಗಿ ಸ್ನಾನಕ್ಕೆ ಹೋಗಿದೆ ಎಂದ. ಮೂರೂಕಾಲಿಗೆ ಅರಿಶಿನದ ಬಟ್ಟಲು ಸಿಗುತ್ತಿಲ್ಲ. ಮದುವೆ ಮನೆಯ ನಾಲ್ಕು ಗಂಟೆ ಯಾವತ್ತು ನಾಲ್ಕಕ್ಕೆ ಆಗಿದೆ? ಇಷ್ಟು ಮದುವೆ ಉಂಡ ನನಗೆ ಅದು ಹೊಳೆಯಬೇಕಿತ್ತು. ಮೂರು ನಲವತ್ತಕ್ಕೆ ಮಂಜು ತಾನೇ ಮಾಡಿ, "ಕೂರಿಸಿದ್ರು, ಶುರು ಮಾಡಿ ಅತ್ತೆ" ಎಂದ.

ಅಷ್ಟರಲ್ಲಿ ಗಡಿಯ ಕಡೆ ಹೋಗುವ ಕಾರುಗಳ ಸಾಲು ನಮ್ಮ ಮುಂದೆಯೇ ಬೆಳೆಯುತ್ತಿತ್ತು. ಮಸ್ಕತ್ತಿಗೆ ಇನ್ನೂ ನಾಲ್ಕು ತಾಸಿನ ದಾರಿ, ಅಲ್ಲಿ ಜನ ಕಾಯುತ್ತಿದ್ದರು. ಆದರೂ ಅಲೀಂ, "ಇಲ್ಲೇ ಮುಗಿಸುವಾ ಆಂಟಿ, ಆಮೇಲೆ ಹೋಗುವಾ" ಎಂದ. ಬೇಡ ಎಂದವಳು ನಾನು. "ಒಂದು ಹಾಡು ಅಂದರೆ ಎಷ್ಟು, ಹತ್ತು ನಿಮಿಷ. ಗಡಿ ಠಾಣೆ ಮುಟ್ಟುವುದರೊಳಗೆ ಮುಗಿಯುತ್ತದೆ, ನೀನು ಹೊರಡು," ಎಂದೆ. ಬೀರಮ್ಮನನ್ನು ಯಾರೂ ಕೇಳಲಿಲ್ಲ. ಅವಳು ಆಗಲೇ ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಕೂತು, ಫೋನು ಕಿವಿಗೆ ಒತ್ತಿ, ಕಣ್ಣು ಮುಚ್ಚಿಕೊಂಡಿದ್ದಳು. ಹೊಳನಗದ್ದೆಯವರು ಏನೇ ಸೇರಿಸಿ ಹೇಳಲಿ, ನನ್ನ ತಪ್ಪು ಇಷ್ಟು.

ಎರಡು ಠಾಣೆಗಳ ನಡುವೆ

ಹಾಡು ಹಿತ್ತಿಲಿನಲ್ಲಿ ಅರಿಶಿನ ಕೀಳುವುದರಿಂದ ಶುರುವಾಗುತ್ತದೆ. ಅದನ್ನು ತೊಳೆಯಬೇಕು, ಬೇಯಿಸಬೇಕು, ಒಣಗಿಸಬೇಕು, ಅರೆಯಬೇಕು. ಆಮೇಲೆ ಹಚ್ಚಲು ನೆಂಟರು ಒಬ್ಬೊಬ್ಬರಾಗಿ ಬರುತ್ತಾರೆ. ಅಂಗಳ ದಾಟಿ ಅಜ್ಜಿ ಬರುತ್ತಾಳೆ, ಬೇಲಿ ದಾಟಿ ಚಿಕ್ಕಮ್ಮ ಬರುತ್ತಾಳೆ, ಗದ್ದೆ ದಾಟಿ ಅಕ್ಕ ಬರುತ್ತಾಳೆ. ಬಂದವಳು ಕಾಲು ತೊಳೆಯಬೇಕು, ಮಣೆಯ ಹತ್ತಿರ ಕೂರಬೇಕು, ಕೆನ್ನೆಗೆ, ಕೈಗೆ, ಪಾದಕ್ಕೆ ಹಚ್ಚಬೇಕು, ಆಮೇಲೆ ಇನ್ನೊಬ್ಬಳು. ಎಲ್ಲರಿಗಿಂತ ಕೊನೆಗೆ ಹೊಳೆ ದಾಟಿ ಸೋದರತ್ತೆ ಬಂದು ಕೈಯಿಟ್ಟರೆ ಹಾಡು ಮುಗಿದ ಹಾಗೆ. ಹತ್ತು ನಿಮಿಷಕ್ಕೆ ಅರಿಶಿನ ಇನ್ನೂ ಬಿಸಿಲಿನಲ್ಲಿ ಒಣಗುತ್ತಿತ್ತು.

ಸ್ಪೀಕರ್ ಹಾಕಿದ್ದರಿಂದ ನಮಗೂ ಆಚೆಯದು ಕೇಳುತ್ತಿತ್ತು. ಬೀರಮ್ಮ ಹೇಳಿದ ಅರ್ಧ ಉಸಿರಿನ ನಂತರ ತುಳಸಿಯ ಗುಂಪು ಹಿಡಿಯುತ್ತಿತ್ತು. ಮೊದಮೊದಲು ಬೀರಮ್ಮ ಹುಬ್ಬು ಗಂಟಿಕ್ಕಿ, "ಎಂತ ಇದು, ತುಳಸಿ ಇವತ್ತು ಎಳೀತದೆ" ಎಂದಳು. ನಾಲ್ಕು ಸೊಲ್ಲಿಗೆ ಅದಕ್ಕೆ ಒಗ್ಗಿಕೊಂಡು ತಾನೂ ನಿಧಾನ ಮಾಡಿದಳು. ದುಬೈ ಕಡೆಯ ಠಾಣೆಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಅಧಿಕಾರಿ ಕಾರಿನೊಳಗೆ ಬಗ್ಗಿ ನೋಡಿದ. ಬೀರಮ್ಮ ಕಣ್ಣು ತೆರೆಯಲೇ ಇಲ್ಲ. ಅಲೀಂ ಅರಬಿಯಲ್ಲಿ ಮದುವೆ ಎಂದು ಏನೋ ಹೇಳಿದ. ಅಧಿಕಾರಿ ಒಂದು ಗಳಿಗೆ ಹಾಡು ಕೇಳಿ, ಮುದ್ರೆಯನ್ನು ಸದ್ದಾಗದ ಹಾಗೆ ಒತ್ತಿ, ಕೈಬೀಸಿ ಮುಂದೆ ಬಿಟ್ಟ.

ಆ ಠಾಣೆಗೂ ಒಮಾನಿನ ಠಾಣೆಗೂ ನಡುವೆ ಗುಡ್ಡ ಕಡಿದು ಮಾಡಿದ ರಸ್ತೆ. ಕಾರು ತಿರುವು ತೆಗೆದುಕೊಂಡಿತು. ಬೀರಮ್ಮ ಕೊನೆಗೆ ಬರುವವಳನ್ನು ಕರೆದಳು:

"ಹೊಳಿ ದಾಟಿ ಬತ್ತಾಳೆ ಸೋದರತ್ತೆ..."

ಆಚೆಯಿಂದ, "ಹೊಳಿ ದಾಟಿ..." ಎಂದು ಬಂತು, ಅಷ್ಟಕ್ಕೇ ನಿಂತಿತು.

ಅವಳು ಬಾಯಿ ಅರ್ಧ ತೆರೆದುಕೊಂಡು ಕಾದಳು. "ತುಳಸೀ," ಎಂದು ಕರೆದಳು. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದಳು. ಫೋನಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಅಲೀಂ ಕಾರು ಬದಿಗೆ ನಿಲ್ಲಿಸಿ ಒತ್ತಿ ನೋಡಿದ, ಆರಿಸಿ ಹಚ್ಚಿ ನೋಡಿದ. ಸ್ವಲ್ಪ ಮುಂದೆ ಹೋದಾಗ ಒಮಾನಿನ ನೆಟ್‌ವರ್ಕ್ ಬಂತು, ಆದರೆ ಕಾಲ್ ಹೋಗಲಿಲ್ಲ. ಅವನ ಮುಖ ಸಣ್ಣದಾಯಿತು. ಒಮಾನಿನ ಪ್ಯಾಕನ್ನು ಅವನು ಹಾಕಿಸಿದ್ದು ಹೌದು, ಆದರೆ ಗಡಿಬಿಡಿಯಲ್ಲಿ ಹೆಂಡತಿಯ ನಂಬರಿಗೆ ಹಾಕಿಸಿಬಿಟ್ಟಿದ್ದ. ಹೆಂಡತಿ ದುಬೈಯಲ್ಲಿ ಮನೆಯಲ್ಲಿದ್ದಳು.

ಹಿಂದೆ ಹೋಗುವ ಹಾಗಿಲ್ಲ, ಪಾಸ್‌ಪೋರ್ಟಿಗೆ ಹೊರಗೆ ಹೋದ ಮುದ್ರೆ ಬಿದ್ದಾಗಿದೆ. ಮುಂದೆ ಒಮಾನಿನ ಠಾಣೆ, ಉದ್ದದ ಸಾಲು. ಒಳಗೆ ಫೋನು ಬಳಸಬಾರದೆಂದು ಗೋಡೆಯ ಮೇಲೆ ಚಿತ್ರ. ಅಲ್ಲಿಯೂ ಪುಕ್ಕಟೆ ವೈಫೈ ಇತ್ತು. ಕದ್ದು ಒತ್ತಿ ನೋಡಿದೆ, ಒಟಿಪಿ ಕಳಿಸಿದ್ದೇವೆ ಎಂದಿತು. ಕಾರಿನ ವಿಮೆಯ ಕಾಗದಕ್ಕೆ ಬೇರೆ ಕಿಟಕಿ, ಅಲ್ಲಿ ಬೇರೆ ಸಾಲು. ಬೀರಮ್ಮ ಉಕ್ಕಿನ ಬೆಂಚಿನ ಮೇಲೆ ಕೂತಿದ್ದಳು. ಅವಳ ಪಕ್ಕದಲ್ಲಿ ನಾನು.

"ಹುಡುಗಿ ಎದ್ದು ಬಿಟ್ಟಿರ್ತದಾ ಅಕ್ಕೋರೆ?"

"ಇಲ್ಲ," ಎಂದೆ. ನನಗೇನು ಗೊತ್ತಿತ್ತು?

"ಆ ರೇಷ್ಮೆ ಸೀರೆಯವ್ರು ಒಂದು ಗುಟುಕು ನೀರಿಗೇ ಬಿಟ್ರು. ಇದು ಒಂದು ತಾಸು ಆತು."

ನಾನು ಅದನ್ನೇ ಯೋಚಿಸುತ್ತಿದ್ದೆ. ಈಗಿನ ಮದುವೆ ಮನೆ ನನಗೆ ಗೊತ್ತಿಲ್ಲವೇ? ಫೋಟೋದವನಿಗೆ ಅವಸರ, ಊಟಕ್ಕೆ ಕೂರಿಸುವವರಿಗೆ ಅವಸರ. ಫೋನು ಸತ್ತಿತು, ಇಷ್ಟು ಸಾಕು, ಏಳಮ್ಮ ಎಂದು ಯಾರಾದರೂ ಎಬ್ಬಿಸಿಯೇ ಇರುತ್ತಾರೆ. ಮುಂದೆ ಆ ಹುಡುಗಿಗೆ ಗಂಡನ ಮನೆಯಲ್ಲಿ ಒಂದು ಸಣ್ಣ ಮಾತು ಬಂದರೂ ಬೀರಮ್ಮ ಈ ಬೆಂಚನ್ನೇ ನೆನೆಯುತ್ತಾಳೆ. ನನಗೆ ಅಳು ಬಂತು, ನಾಚಿಕೆಯೂ ಆಯಿತು.

"ತಪ್ಪು ನನ್ನದು ಬೀರಮ್ಮ. ಹತ್ತು ನಿಮಿಷ ಅಂದವಳು ನಾನು."

"ತಪ್ಪು ಇರ್ಲಿ ಅಕ್ಕೋರೆ," ಎಂದಳು. "ಫೋನು ಹುಡುಕಿ."

ಗಡಿಯ ಆಚೆ: ಒಂದು ಚಹಾ ಅಂಗಡಿ

ಠಾಣೆ ದಾಟಿ ಸ್ವಲ್ಪ ದೂರದಲ್ಲಿ ಪೆಟ್ರೋಲ್ ಬಂಕು, ಪಕ್ಕದಲ್ಲಿ ಚಹಾ ಅಂಗಡಿ, ಅದರಲ್ಲೇ ಸಿಮ್ಮನ್ನೂ ಮಾರುತ್ತಿದ್ದರು. ಅಂಗಡಿಯವನು ಮಲಯಾಳಿ ಎಂದು ಬೇರೆ ಹೇಳಬೇಕಾಗಿಲ್ಲ. ಸಿಮ್ಮಿಗೆ ಪಾಸ್‌ಪೋರ್ಟಿನ ಜೆರಾಕ್ಸು ಬೇಕು, ಅರ್ಜಿ ತುಂಬಬೇಕು, ಚಾಲೂ ಆಗಲು ಅರ್ಧ ತಾಸು ಎಂದ. ಅಲೀಂ ಅವನಿಗೆ ಹಿಂದಿಯಲ್ಲಿ ನಡೆದದ್ದನ್ನು ಹೇಳತೊಡಗಿದ. ಅವನು ಕೇಳುತ್ತ ಕೇಳುತ್ತ ಬಾಗಿಲಲ್ಲಿ ನಿಂತ ಬೀರಮ್ಮನನ್ನು ನೋಡಿದ. ಅರ್ಜಿಯನ್ನು ಬದಿಗೆ ಸರಿಸಿ, ಜೇಬಿನಿಂದ ತನ್ನದೇ ಫೋನು ತೆಗೆದು ಗಾಜಿನ ಮೇಲೆ ಇಟ್ಟ. ಪುಣ್ಯಾತ್ಮ.

ಮಂಜುವಿನ ನಂಬರು ನಾನು ಯಾವ ಫೋನನ್ನೂ ನೋಡದೆ ಒತ್ತಿದೆ. ಒಮ್ಮೆ ಕಿವಿಗೆ ಬಿದ್ದ ನಂಬರು ನನಗೆ ಮರೆಯುವುದಿಲ್ಲ, ಮೂವತ್ತೊಂದು ವರ್ಷದಿಂದ ಉಳಿದದ್ದು ಅದೊಂದು. ಊರಿನಲ್ಲಿ ಆಗ ದೀಪ ಹಚ್ಚುವ ಹೊತ್ತು ಮೀರುತ್ತಿತ್ತು. ಕಾಲ್ ತುಂಡಾಗಿ ಒಂದು ತಾಸು ಇಪ್ಪತ್ತು ನಿಮಿಷ ಆಗಿತ್ತು.

ಎರಡು ರಿಂಗಿಗೆ ಎತ್ತಿದ. ಅವನು ಹಲೋ ಎನ್ನುವ ಮೊದಲೇ ಅವನ ಹಿಂದಿನಿಂದ ಸದ್ದು ಕೇಳಿತು. ಬಳಲಿದ, ಒಡೆದ ಹೆಂಗಸರ ದನಿ. ಬಾವಿಯ ಗಾಲಿ ತಿರುಗಿದ ಹಾಗೆ, ಒಂದೇ ಸಮ:

"ಹೊಳಿ ದಾಟಿ ಬತ್ತಾಳೆ ಸೋದರತ್ತೆ... ಹೊಳಿ ದಾಟಿ ಬತ್ತಾಳೆ ಸೋದರತ್ತೆ..."

"ಎಲ್ಲಿಗೆ ಹೋಗಿದ್ರಿ ನೀವು?" ಎಂದ ಮಂಜು. "ಬೇಗ ಅತ್ತೆಗೆ ಕೊಡಿ. ಇವ್ರ ಗಂಟ್ಲು ಹೋತು. ಇಬ್ಬಿಬ್ರೇ ಎದ್ದು ಚಾ ಕುಡ್ಕಂಡು ಬಂದ್ರು, ಸೊಲ್ಲು ಬಿಡ್ಲಿಲ್ಲ. ಫೋಟೋದವ ಎಬ್ಬಿಸೂಕೆ ಬಂದ, ತುಳಸಕ್ಕ ಕಣ್ಣಲ್ಲೇ ಕೂರಿಸ್ತು ಅಂವನ್ನ. ತಾನು ಮಾತ್ರ ಒಂದು ಸಲವೂ ಎದ್ದಿಲ್ಲ."

ಫೋನನ್ನು ಬೀರಮ್ಮನ ಕೈಗೆ ಕೊಟ್ಟೆ. ಅವಳು ಹಲೋ ಅನ್ನಲಿಲ್ಲ, ಯಾರ ಹೆಸರನ್ನೂ ಹಿಡಿದು ಕರೆಯಲಿಲ್ಲ. ಆ ಸೊಲ್ಲು ಒಂದು ಸುತ್ತು ತಿರುಗುವುದನ್ನು ತಲೆ ತೂಗುತ್ತ ಕೇಳಿದಳು. ಎರಡನೆಯ ಸುತ್ತು ಮುಗಿದ ಜಾಗದಲ್ಲಿ, ನಡುವೆ ಏನೂ ಆಗಿಯೇ ಇಲ್ಲವೇನೋ ಎಂಬ ಹಾಗೆ, ಮುಂದಿನದನ್ನು ಹೇಳಿದಳು:

"ದಾಟಿ ಬಂದಾಳೆ ಅತ್ತೆ, ಕಾಲು ತೊಳದಾಳೆ..."

ಆಚೆ ಒಂದು ಕ್ಷಣ ಗದ್ದಲವೋ ನಗುವೋ ಗೊತ್ತಾಗಲಿಲ್ಲ. ಆಮೇಲೆ ಎಲ್ಲರ ಮೇಲೆ ತುಳಸಿಯ ಒಣಗಿದ ದನಿ ಅದನ್ನು ಹಿಡಿಯಿತು. ಅಂಗಡಿಯವನು ಗೋಡೆಯ ಟಿವಿ ಆರಿಸಿದ, ಉಕ್ಕುತ್ತಿದ್ದ ಹಾಲನ್ನು ಕೆಳಗಿಳಿಸಿದ. ಪೆಟ್ರೋಲ್ ಹಾಕಿಸಿಕೊಂಡು ಚಹಾಕ್ಕೆ ಬಂದ ಇಬ್ಬರು ಲಾರಿಯವರು ಬಾಗಿಲಲ್ಲೇ ನಿಂತರು. ಅಲೀಂ ಬೇರೆ ಕಡೆ ಮುಖ ಮಾಡಿಕೊಂಡಿದ್ದ. ಅತ್ತೆ ಕಾಲು ತೊಳೆದು, ಮಣೆಯ ಹತ್ತಿರ ಕೂತು, ಕೆನ್ನೆಗೆ ಹಚ್ಚಿ, ಕೈಗೆ ಹಚ್ಚಿ, ಪಾದಕ್ಕೆ ಹಚ್ಚಿದಳು. ಬೀರಮ್ಮ ಒಂದು ಸೊಲ್ಲನ್ನೂ ಅವಸರ ಮಾಡಲಿಲ್ಲ, ನಾನೂ ಗಡಿಯಾರ ನೋಡಲಿಲ್ಲ.

ಹಾಡು ಮುಗಿಯಿತು. ಆಚೆ ಫೋನು ಕೈಯಿಂದ ಕೈಗೆ ಹೋಗುವ ಸದ್ದು ಕೇಳಿತು. ಕೊನೆಗೆ ನಾಗವೇಣಿಯ ದನಿ ಬಂತು.

"ಅತ್ತೇ, ಕಾಲು ಪೂರಾ ಜೋಮು ಹಿಡ್ದದೆ. ಈಗ ಏಳ್ಲಾ?"

ಬೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆತು ಮಗಾ," ಎಂದಳು. "ಏಳು."